ತಲೆಬುರುಡೆ ಮತ್ತು ಎರಡು ಲೋಟ

ಅಪರಾಧಿ ಅಂದರೆ ಯಾರು ಅಂತ ನಮ್ಮ ಕೇರಿಯ ಅಜ್ಜಿಯರನ್ನು ಕೇಳಿದರೆ, 'ಪೊಲೀಸ್ನೋರು ಹಿಡ್ಕಂಡು ಹೋದೋನು ಕಣಪ್ಪ' ಅಂತಾರೆ. ಇದನ್ನೇ ತಿಳಿಯೋಕೆ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕೇರಿ, ಹಟ್ಟಿ, ತಾಂಡಾಗಳಿಂದ ಮೊದಲ ಸಲ ಡಿಗ್ರಿಯ ಮುಖ ಕಂಡ ನಾವು ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಧಾರವಾಡಕ್ಕೆ ಹೋಗಿ ಅಪರಾಧಶಾಸ್ತ್ರದ ಪುಸ್ತಕ ತೆರೆದರೆ, ಮೊದಲ ಪಾಠದಲ್ಲೇ ಎದುರಾಗುವುದು ಒಂದು ತಲೆಬುರುಡೆ.

ಅದು ವಿಲ್ಲೆಲ್ಲಾ ಎಂಬ ದಕ್ಷಿಣ ಇಟಲಿಯ ಬಡವನೊಬ್ಬನ ಬುರುಡೆ. ಲೊಂಬ್ರೋಸೊ ಎಂಬ ವೈದ್ಯ ಅದರ ಹಿಂಭಾಗದಲ್ಲಿ ಒಂದು ಗುಳಿ ಕಂಡ. ಇಂಥ ಗುಳಿ ಇರೋದು ಕೆಳಮಟ್ಟದ ಪ್ರಾಣಿಗಳಿಗೆ, ಆದ್ದರಿಂದ ಕಳ್ಳ ಹುಟ್ಟುತ್ತಲೇ ಕಳ್ಳ ಅಂದ. 1876ರಲ್ಲಿ ಪುಸ್ತಕ ಬರೆದ. ಚಾಚಿದ ಕಿವಿ, ದಪ್ಪ ದವಡೆ, ಉದ್ದ ತೋಳು, ಇವೇ ಗುರುತು. ಈ ಪಾಠ ಕೇಳುತ್ತಾ ಮೆಲ್ಲಗೆ ತಮ್ಮ ಕಿವಿ ಮುಟ್ಟಿ ನೋಡಿಕೊಂಡವರು ನಮ್ಮಲ್ಲಿದ್ದಾರೆ. ಸುಮಾರು ಮೂರು ಸಾವಿರ ಕೈದಿಗಳನ್ನು ಅಳೆದು ನೋಡಿದ ಚಾರ್ಲ್ಸ್ ಗೋರಿಂಗ್ ಎಂಬ ಇಂಗ್ಲಿಷ್ ವೈದ್ಯ 1913ರಲ್ಲಿ ಇದೆಲ್ಲ ಬುರುಡೆ ಅಂತ ತೋರಿಸಿದ. ವಿಲ್ಲೆಲ್ಲಾನ ಊರಿನವರು ಆ ತಲೆಯನ್ನು ವಾಪಸ್ ಕೊಡಿ ಅಂತ ಈಚಿನ ವರ್ಷಗಳಲ್ಲಿ ಕೋರ್ಟಿಗೂ ಹೋದರು. ಸಿಗಲಿಲ್ಲ.

ಆ ಸಿದ್ಧಾಂತ ಸತ್ತುಹೋಯಿತು ಅಂತ ಪುಸ್ತಕ ಹೇಳುತ್ತದೆ. ಇಟಲಿಯಲ್ಲಿ ಸತ್ತಿರಬಹುದು. ನಮ್ಮ ದೇಶಕ್ಕಂತೂ ಲೊಂಬ್ರೋಸೊ ಬೇಕಾಗಿಯೇ ಇರಲಿಲ್ಲ. ಅವನ ಪುಸ್ತಕಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗ ಕಳ್ಳ. ಇಷ್ಟೇ ತರ್ಕ. ಸಾವಿರಾರು ಮೈಲಿ ದೂರದಿಂದ ಬಂದ ದೊರೆಗಳಿಗೆ ಈ ತರ್ಕ ಕಲಿಸಿಕೊಟ್ಟವರು ಯಾರು? ಹುಟ್ಟೇ ಕಸುಬು, ಕಸುಬೇ ಧರ್ಮ ಅಂತ ಶತಮಾನಗಳಿಂದ ಗಿಣಿಪಾಠ ಒಪ್ಪಿಸುತ್ತಿದ್ದ ಪುರೋಹಿತಶಾಹಿಯೇ ಅಲ್ಲವೇ? ಬುರುಡೆ ಅಳೆಯುವ ತೊಂದರೆ ಇಲ್ಲಿ ಇರಲಿಲ್ಲ. ಜಾತಿ ಕೇಳಿದರೆ ಸಾಕಾಗಿತ್ತು.

1911ರ ತಿದ್ದುಪಡಿಯಲ್ಲಿ ಆ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಮೈಸೂರು ಸಂಸ್ಥಾನವೂ ಅಂಥದ್ದೇ ಒಂದು ಕಾಯ್ದೆ ಮಾಡಿಕೊಂಡಿತು. ಕೊರಚರು, ಕೊರಮರು ಕತ್ತೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳು. ಲಂಬಾಣಿಗರು ದಂಡುಗಳಿಗೆ ಧಾನ್ಯ ಸಾಗಿಸುತ್ತಿದ್ದವರು. ಸರ್ಕಾರ ಉಪ್ಪನ್ನು ತನ್ನ ಕೈಗೆ ತೆಗೆದುಕೊಂಡಿತು, ದವಸ ರೈಲು ಹತ್ತಿತು. ಎತ್ತಿನ ಬೆನ್ನು ಖಾಲಿಯಾಯಿತು. ಆಮೇಲೆ, ಕೆಲಸವಿಲ್ಲದೆ ಅಲೀತಾರೆ ಅಂತ ಇವರ ಮೇಲೇ ಅನುಮಾನ. ಕಸುಬು ಕಿತ್ತುಕೊಂಡವನು ಕಳ್ಳನಲ್ಲ, ಕಳಕೊಂಡವನು ಕಳ್ಳ! ಧಾರವಾಡಕ್ಕೆ ಹೋಗುವ ನಮ್ಮ ರೈಲು ಹುಬ್ಬಳ್ಳಿಯಲ್ಲಿ ನಿಲ್ಲುತ್ತದೆ. ಅಲ್ಲೊಂದು ಬಡಾವಣೆಯನ್ನು ಜನ ಇವತ್ತಿಗೂ 'ಸೆಟ್ಲಮೆಂಟ್' ಅಂತಾರೆ. ಪಟ್ಟಿಗೆ ಸೇರಿದ ಕುಲದವರನ್ನು ಮಕ್ಕಳು ಮರಿ ಸಮೇತ ಕೂಡಿ, ಹಾಜರಿ ಕರೆದು, ದುಡಿಸುತ್ತಿದ್ದ ಜಾಗ ಅದು.

ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಜೈಲಿನೊಳಗೆ ಜಾತಿ ನೋಡಿ ಕಸಗುಡಿಸುವ, ಅಡಿಗೆ ಮಾಡುವ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಲೆಕ್ಕ ನೀವೇ ಹಾಕಿ.

ಅಪರಾಧಶಾಸ್ತ್ರದಲ್ಲಿ ನಮಗೆ ದಕ್ಕಿದವನು ಒಬ್ಬನಿದ್ದಾನೆ, ಅಮೆರಿಕದ ಸದರ್‌ಲ್ಯಾಂಡ್. 1939ರಲ್ಲಿ ಅವನು ಹೇಳಿದ್ದು ಬಹಳ ಸರಳ. ಅಪರಾಧ ರಕ್ತದಲ್ಲಿ ಬರೋದಲ್ಲ, ಕಲಿಯುವಂಥದ್ದು. ಹತ್ತಿರದವರಿಂದ, ದಿನದಿನವೂ, ಎಳವೆಯಿಂದ ಕಲಿಯುವಂಥದ್ದು. ಹೇಗೆ ಮಾಡಬೇಕು ಅನ್ನೋದರ ಜೊತೆಗೆ ಮಾಡಿದ್ದು ಸರಿಯೇ ಅನ್ನೋ ಸಮರ್ಥನೆಯನ್ನೂ ಕಲಿಯುತ್ತಾರೆ. ಕೊಳಗೇರಿಯ ಹುಡುಗರ ಮೇಲಷ್ಟೇ ಅಲ್ಲ, 70 ದೊಡ್ಡ ಕಂಪನಿಗಳ ಮೇಲೂ ಅವನು ಈ ಮಾತು ಪರೀಕ್ಷಿಸಿ ನೋಡಿದ. 1949ರಲ್ಲಿ ಆ ಪುಸ್ತಕ ಅಚ್ಚಾದಾಗ ಕಂಪನಿಗಳ ಹೆಸರು ಕಾಣೆಯಾಗಿದ್ದವು. ಹೆಸರುಗಳ ಸಮೇತ ಹೊರಬರಲು 1983 ಬೇಕಾಯಿತು. ಜೇಬುಗಳ್ಳನ ಹೆಸರು ಮಾತ್ರ ಮಾರನೇ ದಿನವೇ ಪೇಪರಿನಲ್ಲಿ ಬರುತ್ತೆ.

ಸದರ್‌ಲ್ಯಾಂಡ್ ನಮ್ಮ ಊರುಗಳನ್ನು ನೋಡಿದವನಲ್ಲ. ನೋಡಿದ್ದರೆ ಅವನ ಸಿದ್ಧಾಂತಕ್ಕೆ ಇನ್ನೂ ಒಳ್ಳೆ ಉದಾಹರಣೆ ಸಿಗುತ್ತಿತ್ತು. ಐದು ವರ್ಷದ ಕೂಸು, ಮುಟ್ಟದಂತೆ ಮೇಲಿಂದ ನೀರು ಹುಯ್ಯೋದನ್ನು ಯಾರಿಂದ ಕಲಿಯುತ್ತೆ? ಎಪ್ಪತ್ತು ವರ್ಷದ ನಮ್ಮ ತಾತನನ್ನು 'ಏನ್ಲಾ' ಅಂತ ಕರೆಯೋದನ್ನು? ಹೋಟೆಲಿನಲ್ಲಿ ಎರಡು ಲೋಟ ಇಡೋದನ್ನು? ಅಪ್ಪನಿಂದ, ಅವ್ವನಿಂದ, ಜಗಲಿಕಟ್ಟೆಯಿಂದ. 'ಹಿಂದಿನಿಂದ ನಡ್ಕಂಡು ಬಂದಿದ್ದು' ಅನ್ನೋ ಸಮರ್ಥನೆಯೂ ಜೊತೆಗೇ ಬರುತ್ತೆ. ಪಟ್ಟಿಗೆ ಸೇರಿದ ಕುಲದಲ್ಲಿ ಹುಟ್ಟುವುದೇ ಅಪರಾಧವಾಗಿದ್ದ ಆ 81 ವರ್ಷಗಳಲ್ಲಿ, ಬಾವಿ ಮುಟ್ಟಗೊಡದಿರುವುದು ಆಚಾರವಾಗಿತ್ತು. ಅಸ್ಪೃಶ್ಯತೆಗೆ ಶಿಕ್ಷೆ ಹೇಳುವ ಕಾಯ್ದೆ ಬಂದದ್ದು 1955ರಲ್ಲಿ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ತಪ್ಪಿಸಿಕೊಂಡು ಹೋಗೋಕಾಗಲ್ಲ. ನಮ್ಮವನೊಬ್ಬ ಕದ್ದಾಗ ನಾವು ಅವನ ಹಸಿವನ್ನು ತೋರಿಸುತ್ತೇವೆ. ಹಾಗಾದರೆ ಲೋಟ ಬೇರೆ ಇಟ್ಟವನು ತನ್ನ ಮನೆಯ ಪಾಠವನ್ನು ತೋರಿಸಿದರೆ ಏನು ಹೇಳೋಣ? 'ಪಾಪ, ಅವರಿಗೇನು ಗೊತ್ತು, ಹಿರೀಕರು ಕಲಿಸಿದ್ದು' ಅನ್ನೋ ಸಜ್ಜನರು ಬೇಕಾದಷ್ಟಿದ್ದಾರೆ. ಇನ್ನೊಂದು ಕಡೆ ನಮ್ಮ ಕೆಲವು ಗೆಳೆಯರು ವೇದಿಕೆ ಹತ್ತಿ, ಕ್ರೌರ್ಯ ಅವರ ರಕ್ತದಲ್ಲೇ ಇದೆ ಅಂತಾರೆ. ಚಪ್ಪಾಳೆ ಬೀಳುತ್ತೆ. ಅವರ ಸಿಟ್ಟು ನಮ್ಮದೂ ಹೌದು, ಆದರೆ ಆ ಮಾತು ನಮ್ಮದಲ್ಲ. ರಕ್ತದಲ್ಲಿದೆ ಅಂದರೆ ವಿಲ್ಲೆಲ್ಲಾನ ಬುರುಡೆಯನ್ನು ಎತ್ತಿ ಇನ್ನೊಬ್ಬರ ಹೆಗಲ ಮೇಲೆ ಇಟ್ಟಂತಾಯಿತು. ಅಷ್ಟೇ ಅಲ್ಲ, ರಕ್ತದಲ್ಲಿದ್ದರೆ ಅವರು ಹೊಣೆಗಾರರೇ ಅಲ್ಲ. ಚೇಳಿನ ಮೇಲೆ ಯಾರೂ ಕೇಸು ಹಾಕಲ್ಲ, ಹೊಸಕ್ತಾರೆ. ನಮ್ಮನ್ನು ನಡೆಸಿಕೊಂಡದ್ದು ಹಾಗೇ.

ಇನ್ನು ಸಜ್ಜನರ ಮಾತು. ಕಲಿಸಿದ್ದು ನಿಜ. ಆದರೆ ಲೋಟದ ಕತೆ ಸ್ವಲ್ಪ ಗಮನಿಸಿ. ಮೊದಲು ಅದು ಎಲ್ಲರಿಗೂ ಕಾಣುವಂತೆ ಹೊರಗಿನ ಗೋಡೆ ಮೇಲೆ ಇರುತ್ತಿತ್ತು. ಕಾಯ್ದೆ ಬಂದ ಮೇಲೆ ಬಾಗಿಲ ಸಂದಿಗೆ ಹೋಯಿತು. ಆಮೇಲೆ ಪ್ಲಾಸ್ಟಿಕ್ ಲೋಟವಾಯಿತು. ಊರಿಗೆ ಅಧಿಕಾರಿಗಳು ಬರುವ ದಿನ ಎಲ್ಲರಿಗೂ ಒಂದೇ ಲೋಟ. ಗೊತ್ತಿಲ್ಲದವನು ಬಚ್ಚಿಡುವುದಿಲ್ಲ, ಸ್ವಾಮಿ. ಬಚ್ಚಿಡುವ ಕೈಗೆ ಗೊತ್ತಿರುತ್ತೆ. ಕಲಿತದ್ದು ಅವನ ತಪ್ಪಲ್ಲದೆ ಇರಬಹುದು, ಬಚ್ಚಿಟ್ಟದ್ದು ಅವನದೇ. ನಮ್ಮ ಕಳ್ಳನನ್ನೂ ಇದೇ ಅಳತೆಯಲ್ಲಿ ಅಳೆಯಿರಿ, ಬೇಡ ಅನ್ನುವುದಿಲ್ಲ. ಅವನೂ ಕತ್ತಲಾಗಲಿ ಅಂತ ಕಾಯುತ್ತಾನೆ. ಅವನನ್ನು ಬಿಟ್ಟುಬಿಡಿ ಅಂತ ನಾವು ಕೇಳುತ್ತಿಲ್ಲ. ಅವನ ಹೆಸರು ಹಿಡಿದು, ಆ ರಾತ್ರಿ ಅವನು ಮಾಡಿದ್ದನ್ನು ಕೇಳಿ. ಅವನ ಕೇರಿಯನ್ನಲ್ಲ, ತಾಂಡಾವನ್ನಲ್ಲ, ಅವನ ತಂಗಿಯನ್ನಲ್ಲ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದಿತು. 98 ಜನಕ್ಕೆ ಜೀವಾವಧಿ. ಆಮೇಲೆ ಮೇಲ್ಮನವಿ ಹೋಯಿತು, ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು. ಒಂದೇ ಊರಿನ 98 ಜನ! 1871ರ ತರ್ಕವಾಗಿದ್ದರೆ ಆ ಊರಿಗೆ ತಂತಿಬೇಲಿ ಹಾಕಿ ಹುಟ್ಟುವ ಕೂಸುಗಳ ಹಾಜರಿ ಬರೆಯಬೇಕಿತ್ತು. ಯಾರೂ ಹಾಗೆ ಕೇಳಲಿಲ್ಲ. ನಾವೂ ಕೇಳುವುದಿಲ್ಲ. ಪ್ರತಿಯೊಬ್ಬನ ಹೆಸರು ಬರೆದು, ಸಾಕ್ಷಿ ಕರೆದು, ವಕೀಲರನ್ನು ಕೊಟ್ಟು ಕೇಳಿದರು. ಆ 81 ವರ್ಷ ನಮ್ಮವರಿಗೆ ಸಿಗದಿದ್ದದ್ದು ಅದೇ. ಸಿಕ್ಕಿದಾಗಲೂ ನ್ಯಾಯ ಬರುತ್ತೆ ಅಂತಲ್ಲ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು. ಬೆಂಕಿ ತಾನಾಗಿ ಹತ್ತಿಕೊಂಡಿತೋ ಏನೋ.

ಪರೀಕ್ಷೆಯಲ್ಲಿ ಲೊಂಬ್ರೋಸೊನನ್ನು ಟೀಕಿಸಿ ಬರೆದರೆ ಅಂಕ ಸಿಗುತ್ತೆ. ಹಾಲ್ ಟಿಕೆಟಿಗೆ ಮೊದಲು ಇನ್ನೊಂದು ಕಾಗದ ಬೇಕು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಗಂಟಿಚೋರ್' ಅಂತ ಒಂದು ಹೆಸರಿದೆ. ಚೋರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಕುಲದ ಹುಡುಗಿ ಅಪರಾಧಶಾಸ್ತ್ರ ಓದಲು ಬಂದರೆ, ಮೀಸಲು ಸೀಟಿಗೂ ವಿದ್ಯಾರ್ಥಿವೇತನಕ್ಕೂ ಆ ಹೆಸರು ಬರೆದ ಸರ್ಟಿಫಿಕೇಟನ್ನೇ ಲಗತ್ತಿಸಬೇಕು.