ಗರ್ಭಿಣಿಯ ಅನಶನ: ಯಾರ ಆಹಾರದ ತ್ಯಾಗ?

ಪರ್ವದಿನಗಳಲ್ಲಿ ಅನಶನವನ್ನು ಕೈಕೊಳ್ಳುವ ಶ್ರಾವಿಕೆಯು ತನ್ನ ಆಹಾರವನ್ನು ತಾನೇ ತ್ಯಜಿಸುತ್ತಾಳೆ. ಅದು ಆಕೆಯ ತಪಸ್ಸು. ಆಕೆ ಗರ್ಭವತಿಯಾಗಿದ್ದರೆ, ತ್ಯಜಿಸಿದ ಆಹಾರವು ಆಕೆಯೊಬ್ಬಳದೇ? ಸಂಕಲ್ಪ ಮಾಡಲಾರದ ಇನ್ನೊಂದು ಪಂಚೇಂದ್ರಿಯ ಜೀವಕ್ಕೂ ಅದರಲ್ಲಿ ಪಾಲುಂಟು. ದಶಲಕ್ಷಣ ಪರ್ವವು ಸಮೀಪಿಸಿದಾಗ ಸದ್ಗೃಹಸ್ಥರು ವಿಚಾರಿಸಬೇಕಾದ ಪ್ರಶ್ನೆಯಿದು.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಆಶ್ರಿತ ಜೀವಿಗೆ ಉಣಿಸನ್ನು ತಡೆಯುವುದೇ ದೋಷವಾದರೆ, ಗರ್ಭಸ್ಥ ಶಿಶುವಿಗಿಂತ ಹೆಚ್ಚು ಆಶ್ರಿತವಾದ ಜೀವಿ ಯಾವುದು? ತಾಯಿಯಲ್ಲಿ ಕೇಡಿನ ಭಾವವಿಲ್ಲವಲ್ಲ ಎಂದು ಕೆಲವರು ಹೇಳಬಹುದು. ಅದು ನಿಜ. ಆದರೆ ಹಿಂಸೆಯ ಮೂಲ ಪ್ರಮಾದ. ತಿಳಿದ ಮೇಲೂ ಲಕ್ಷಿಸದಿರುವುದು ಪ್ರಮಾದವೇ. ಆದುದರಿಂದ ತಿಳಿದಿರುವುದೇನು ಎಂಬುದನ್ನು ನೋಡಬೇಕು.

ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಜನಿಸಿದ 517 ಮಂದಿಯ ಅಧ್ಯಯನವು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದು, ತಾಯಿಯೂ ಗರ್ಭಕಾಲದಲ್ಲಿ 45 ಕಿಲೋ ಮುಟ್ಟದಿದ್ದವರಲ್ಲಿ ಹೃದಯರೋಗವು ಎಲ್ಲರಿಗಿಂತ ಹೆಚ್ಚು, ನೂರಕ್ಕೆ 20ರಷ್ಟು, ಕಂಡುಬಂದಿತು. ಅಲ್ಲಿಯೇ ನಡೆದ ಮಧುಮೇಹದ ಅಧ್ಯಯನದಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಆ ರೋಗವು ಹೆಚ್ಚಾಗಿ ಕಂಡಿತು. ಇವು ಉಪವಾಸದ ಪರೀಕ್ಷೆಗಳಲ್ಲ. ಆದರೂ ತಾಯಿಯ ದೇಹಸ್ಥಿತಿಯ ಛಾಯೆ ಮಗುವಿನ ಮಧ್ಯವಯಸ್ಸಿನವರೆಗೂ ಚಾಚಬಹುದೆಂದು ಸೂಚಿಸುತ್ತವೆ. ಗರ್ಭಿಣಿಯು ದೀರ್ಘಕಾಲ ನಿರಾಹಾರಳಾಗಿದ್ದರೆ ಆಕೆಯ ರಕ್ತದ ಸಕ್ಕರೆಯು ಇತರರಿಗಿಂತ ಬೇಗ ಇಳಿಯುತ್ತದೆಂಬುದೂ ವೈದ್ಯರಿಗೆ ತಿಳಿದ ಸಂಗತಿ.

ತುಂಗಭದ್ರೆಯ ದಂಡೆಯ ಮಾಗಳದಂತಹ ಊರುಗಳಲ್ಲಿ ಬಸುರಿಯು ಹೊಲದ ಕೆಲಸಕ್ಕೂ ಹೋಗುವುದುಂಟು, ಕೊಡ ಹೊರುವುದೂ ಉಂಟು. ಮೊದಲೇ ಕೃಶಳಾದವಳ ಮೇಲೆ ದುಡಿಮೆ, ಅದರ ಮೇಲೆ ನಿರ್ಜಲ ಉಪವಾಸ! ಅತಿಭಾರಾರೋಪಣವೂ ಅತಿಚಾರವೆಂಬುದನ್ನು ಮನೆಯ ಹಿರಿಯರು ಮರೆಯಬಾರದು. ಇಲ್ಲಿ ದೋಷವು ತಾಯಿಯದಕ್ಕಿಂತ ಕುಟುಂಬದ್ದೇ ಹೆಚ್ಚು.

ಹಾಗಾದರೆ ಆಕೆ ವ್ರತಹೀನಳಾಗಬೇಕೆ? ಖಂಡಿತ ಇಲ್ಲ. ಷೋಡಶ ಭಾವನೆಗಳಲ್ಲಿ ಶಕ್ತಿಗನುಸಾರವಾದ ತಪಸ್ಸಿಗೆ ಸ್ಥಾನವಿದೆ, ಶಕ್ತಿಯನ್ನು ಮೀರಿದ್ದಕ್ಕಲ್ಲ. ಅನಶನವು ಬಾಹ್ಯತಪಗಳಲ್ಲಿ ಒಂದು ಮಾತ್ರ. ಸ್ವಾಧ್ಯಾಯ, ವಿನಯ, ಧ್ಯಾನಗಳೆಂಬ ಅಂತರಂಗ ತಪಗಳಿಗೆ ಗರ್ಭವು ಅಡ್ಡಿಯಲ್ಲ. ಸ್ಥೂಲಕಾಯಳಾದವಳೂ ತೂಕವಿಳಿಸಲೆಂದು ಉಪವಾಸವಿರದೆ, ಕರಿದ ತಿಂಡಿ ಹಾಗೂ ಸಿಹಿಯಲ್ಲಿ ಮಿತಿಯನ್ನಿಟ್ಟುಕೊಂಡರೆ ಅದೇ ರಸಪರಿತ್ಯಾಗದ ಹಾದಿ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವವಳಿಗೆ ಸೂರ್ಯಾಸ್ತಕ್ಕೆ ಮುನ್ನ ರೊಟ್ಟಿ, ಬೇಳೆ, ಮೊಳಕೆಕಾಳು, ಹಾಲುಗಳ ತುಂಬುಭೋಜನವನ್ನು ಮನೆಯವರು ಒದಗಿಸಬೇಕು. ಬೆಳಗಿನ ಆಹಾರವೂ ತಡವಾಗಬಾರದು. ತಾಯಿ ಕಾರ್ಡಿನಲ್ಲಿ ಪ್ರತಿ ತಪಾಸಣೆಯ ತೂಕವನ್ನು ಬರೆಸಿ, ಆಕೆಗೆ ತಕ್ಕ ಏರಿಕೆಯನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಈ ಶುಶ್ರೂಷೆಯೇ ಪತಿಗೂ ಅತ್ತೆಗೂ ವೈಯಾವೃತ್ತ್ಯ.

ಬಿಟ್ಟ ಉಪವಾಸವನ್ನು ಮುಂದಿನ ಪರ್ವದಲ್ಲಿ ಆಚರಿಸಬಹುದು. ಗರ್ಭದೊಳಗಿನ ಒಂಬತ್ತು ತಿಂಗಳು ಆ ಜೀವಕ್ಕೆ ಮರಳಿ ಬಾರವು.