ಸಿಲಿಂಡರಿಗೆ ಎಷ್ಟು ಬಿಸಿ?

ಹಗರಿ ದಂಡೆಯ ಮರಳುದಿಬ್ಬಗಳ ಮೇಲಿಂದ ಬಿಸಿಗಾಳಿ ಬೀಸುವ ಅನಂತಪುರ ಸೀಮೆಯ ಕಣೇಕಲ್ಲಿನಲ್ಲಿ ನಿಂತು, ಗ್ಯಾಸ್ ಬಾಟಲಿಯನ್ನು ಬಿಸಿ ಮಾಡಲೆಂದೇ ಒಂದು ಹೀಟರ್ ಇದೆ ಎಂದರೆ ಯಾರೂ ನಂಬಲಾರರು. ರೇಸ್ ಕಾರಿನಲ್ಲಿ ಅದಿದೆ. ಕೆಲವೇ ಸೆಕೆಂಡು ಎಂಜಿನ್ನಿಗೆ ಹೆಚ್ಚಿನ ಕಸುವು ಕೊಡಲು ಅಲ್ಲಿ ನೈಟ್ರಸ್ ಆಕ್ಸೈಡ್ ಬಳಸುತ್ತಾರೆ. ಆಪರೇಷನ್ ಥಿಯೇಟರಿನ ನೀಲಿ ಸಿಲಿಂಡರಿನಲ್ಲಿರುವುದೂ ಇದೇ ಅನಿಲ.

ಬಾಟಲಿಯ ತಳದಲ್ಲಿ ದ್ರವ, ಮೇಲೆ ಆವಿ. ದ್ರವ ಇರುವತನಕ ಒತ್ತಡವನ್ನು ತೀರ್ಮಾನಿಸುವುದು ಅನಿಲ ಎಷ್ಟು ಉಳಿದಿದೆ ಎಂಬುದಲ್ಲ, ಎಷ್ಟು ಬಿಸಿಯಾಗಿದೆ ಎಂಬುದು. 20 ಡಿಗ್ರಿಯಲ್ಲಿ ಸುಮಾರು 730 ಪೌಂಡ್, 30ರಲ್ಲಿ 900ರ ಆಸುಪಾಸು. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ ಮೂವತ್ತು ಪೌಂಡ್ ಅಷ್ಟೇ! ರೇಸಿನವರಿಗೆ ಬೇಕಾದದ್ದು 900ರಿಂದ 1000. ಅದಕ್ಕಿಂತ ಇಳಿದರೆ ನೈಟ್ರಸ್ ಸಾಲದೆ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಮಂಕಾಗುತ್ತದೆ. ಏರಿದರೆ ಪೆಟ್ರೋಲ್ ಸಾಲದೆ ಪಿಸ್ಟನ್ನೇ ಕರಗೀತು. ಆದ್ದರಿಂದ ಹೀಟರಿಗೆ ಒತ್ತಡ ನೋಡಿಕೊಳ್ಳುವ ಸ್ವಿಚ್ ಜೋಡಿಸಿರುತ್ತಾರೆ. ಗುರಿ ಮುಟ್ಟಿದೊಡನೆ ಅದು ಕರೆಂಟ್ ಕಡಿಯುತ್ತದೆ. ಆ ಏರ್ಪಾಟಿನ ಜೀವವೇ ಆ ಸ್ವಿಚ್ಚು.

36.4 ಡಿಗ್ರಿ ದಾಟಿದರೆ ನೈಟ್ರಸ್ ದ್ರವವಾಗಿ ಉಳಿಯುವುದೇ ಇಲ್ಲ. ತುಂಬಿದ ಬಾಟಲಿಯಲ್ಲಿ ಒತ್ತಡ ಆಮೇಲೆ ಬಲು ಬೇಗ ಏರುತ್ತದೆ. ಅನಂತಪುರ ಸೀಮೆಯ ಬೇಸಗೆ 40 ದಾಟುವುದು ಹೊಸದೇನಲ್ಲ. ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಇಂಥ ಕಡೆ ಬಾಟಲಿಗೆ ಬೇಕಾದದ್ದು ಹೀಟರ್ ಅಲ್ಲ, ನೆರಳು.

ರೇಸ್ ಕಾರು ನಮಗೆ ದೂರದ ಮಾತಾಗಿರಬಹುದು. ಮದುವೆ ಮನೆಯ ಅಡುಗೆ ಒಲೆ ದೂರದ್ದಲ್ಲ. ದೊಡ್ಡ ಒಲೆಗೆ ಒಂದೇ ಸಿಲಿಂಡರಿನಿಂದ ಬಿರುಸಾಗಿ ಗ್ಯಾಸ್ ಎಳೆದಾಗ ಒಳಗಿನ ದ್ರವ ಆವಿಯಾಗುತ್ತಾ ತಣ್ಣಗಾಗುತ್ತದೆ. ಸಿಲಿಂಡರಿನ ಮೈ ಬೆವರುತ್ತದೆ, ಚಳಿಗಾಲದ ನಸುಕಿನಲ್ಲಿ ಹಿಮವೂ ಕಟ್ಟುತ್ತದೆ, ಉರಿ ಸಣ್ಣಗಾಗುತ್ತದೆ. ಆಗ ಯಾರೋ ಕುದಿಯುವ ನೀರು ಸುರಿಯುತ್ತಾರೆ. ಕೆಲವರು ತಳಕ್ಕೆ ಬೆಂಕಿಯನ್ನೇ ಹಿಡಿಯುತ್ತಾರೆ. ಇನ್ನು ಕೆಲವರು ಅಡ್ಡ ಮಲಗಿಸುತ್ತಾರೆ. ಹಾಗೆ ಮಾಡಿದರೆ ದ್ರವವೇ ಪೈಪಿಗೆ ನುಗ್ಗಿ ಉರಿ ಮೇಲೇಳಬಹುದು. ಇಲ್ಲಿ ಒತ್ತಡ ನೋಡುವ ಮೀಟರಿಲ್ಲ, ಬಿಸಿ ನಿಲ್ಲಿಸುವ ಸ್ವಿಚ್ಚಿಲ್ಲ. ಸುತ್ತ ಮಕ್ಕಳು, ನೆಂಟರು. ರೇಸಿನವರು ಅಷ್ಟೆಲ್ಲ ಕಾವಲಿಟ್ಟು ಮಾಡುವ ಕೆಲಸವನ್ನು ನಾವು ಕಾವಲೇ ಇಲ್ಲದೆ ಮಾಡುವುದು ತಪ್ಪು.

ಉಪಾಯ ಸುಲಭವಿದೆ. ಎರಡು ಮೂರು ಸಿಲಿಂಡರುಗಳನ್ನು ಒಂದೇ ಲೈನಿಗೆ ಜೋಡಿಸಿದರೆ ಪ್ರತಿಯೊಂದರ ಮೇಲೂ ಎಳೆತ ಕಡಿಮೆಯಾಗಿ ಅವು ಅಷ್ಟು ತಣ್ಣಗಾಗವು. ಜೋಡಣೆಯನ್ನು ಗ್ಯಾಸ್ ಏಜೆನ್ಸಿಯವರಿಂದಲೇ ಮಾಡಿಸಬೇಕು. ಚಪ್ಪರ ಹಾಕಿಸುವ ಹಿರಿಯರು ಅಡುಗೆಯವರಿಗೆ ಮೊದಲೇ ಹೇಳಿಡಿ: ಸಿಲಿಂಡರ್ ನೆಟ್ಟಗೆ ನಿಲ್ಲಲಿ, ನೆರಳಲ್ಲಿರಲಿ, ಅದರ ಹತ್ತಿರ ಬೆಂಕಿ ಬೇಡ. ಗ್ಯಾಸ್ ಸೋರಿದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಎಲ್ಲರನ್ನೂ ದೂರ ಕಳಿಸಿ, 1906ಕ್ಕೆ ಫೋನ್ ಮಾಡಿ.