ಗುಪ್ತ ಕೋಣೆಯಲ್ಲೊಂದು ಹೆಸರು

ಕಂಪ್ಯೂಟರ್ ಆಟಗಳ ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಆಡುವ ಮಕ್ಕಳ ಸುತ್ತಲೇ ಇರುತ್ತದೆ. ಕಣ್ಣು ಹಾಳಾಗುತ್ತದೆ, ಓದು ಕೆಡುತ್ತದೆ ಎಂಬ ಆತಂಕ ನಿಜವೇ. ಆದರೆ ಆ ಆಟವನ್ನು ಮಾಡಿದ ಕೈಗಳ ಬಗ್ಗೆ ನಾವು ಮಾತಾಡುವುದೇ ಇಲ್ಲ. ಕೋಟೆ, ಮಾಂತ್ರಿಕ, ರಾಕ್ಷಸರಿರುವ ಆಟಗಳಲ್ಲಿ ಕಥೆ ಮುಗಿದ ಮೇಲೂ ತೆರೆದುಕೊಳ್ಳುವ ಗುಪ್ತ ನೆಲಮಾಳಿಗೆಗಳಿರುತ್ತವೆ. ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಸರಣಿಯ 5ನೇ ಆಟದಲ್ಲಿ (1992) ಅಂಥದೊಂದಿದೆ. ಆಟಗಾರರಲ್ಲಿ ಅನೇಕರು ಅದರ ಬಾಗಿಲವರೆಗೂ ಹೋಗುವುದಿಲ್ಲ. ಕಾಣದ ಕೋಣೆಯನ್ನು ಯಾರಾದರೂ ಯಾಕೆ ಕಟ್ಟುತ್ತಾರೆ?

ಈ ಬಗೆಯ ಗುಪ್ತ ಕೋಣೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದರ ಹುಟ್ಟಿಗೆ ಕಾರಣ ಒಂದು ಸಿಟ್ಟು. ಅಮೆರಿಕದ ಅಟಾರಿ ಕಂಪೆನಿಯಲ್ಲಿ ವಾರೆನ್ ರಾಬಿನೆಟ್ ಎಂಬ ಯುವಕ 'ಅಡ್ವೆಂಚರ್' ಎಂಬ ಆಟವನ್ನು ಒಬ್ಬನೇ ರಚಿಸಿ 1979ರಲ್ಲಿ ಮುಗಿಸಿದ. ಕಳುವಾದ ಬಟ್ಟಲೊಂದನ್ನು ಹುಡುಕಿ ಚಿನ್ನದ ಕೋಟೆಗೆ ತರಬೇಕು; ದಾರಿಯಲ್ಲಿ ಮೂರು ಡ್ರ್ಯಾಗನ್‌ಗಳು (ನೋಡಲು ಬಾತುಕೋಳಿಯಂತಿದ್ದವು ಎಂದು ಜನ ನಗುತ್ತಾರೆ). ಆಗ ಅಟಾರಿ ಆಟ ರಚಿಸಿದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ರಾಬಿನೆಟ್ ಹೇಳಿಕೊಂಡಂತೆ ಅವನ ಸಂಬಳ ವರ್ಷಕ್ಕೆ ಸುಮಾರು 22,000 ಡಾಲರ್; ಆಟದ ಹತ್ತು ಲಕ್ಷ ಪ್ರತಿಗಳು ಮಾರಾಟವಾದರೂ ಅದರಲ್ಲಿ ಅವನಿಗೆ ಪಾಲಿಲ್ಲ. ಅವನು ಯಾರಿಗೂ ಹೇಳದೆ ಆಟದೊಳಗೆ ಒಂದು ಕೋಣೆ ಕಟ್ಟಿದ. ಹಿನ್ನೆಲೆಯ ಬಣ್ಣದಲ್ಲೇ ಅಡಗಿದ, ಕಾಣಿಸದಷ್ಟು ಚಿಕ್ಕ ಚುಕ್ಕಿಯೊಂದನ್ನು ಎತ್ತಿಕೊಂಡು ಸರಿಯಾದ ಜಾಗಕ್ಕೆ ಒಯ್ದರೆ ಮಾತ್ರ ಅದರೊಳಗೆ ಪ್ರವೇಶ. ಒಳಗಿದ್ದುದು ನಿಧಿಯಲ್ಲ, ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಸಾಲು. ಅವನು ಕೆಲಸ ಬಿಟ್ಟುಹೋದ ನಂತರ, 1980ರಲ್ಲಿ, ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪೆನಿಗೆ ಪತ್ರ ಬರೆದ. ತೆಗೆದುಹಾಕಲು ಹಣ ಖರ್ಚಾಗುತ್ತದೆಂದು ಕಂಪೆನಿ ಅದನ್ನು ಹಾಗೇ ಬಿಟ್ಟಿತು.

ಇದು ಸರಿಯೇ? ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಆ ಆಟಕ್ಕಿದ್ದ ಒಟ್ಟು ಜಾಗ 4 ಕಿಲೋಬೈಟ್ ಮಾತ್ರ. ಅದರಲ್ಲಿ ಸುಮಾರು ಶೇ. 5ರಷ್ಟನ್ನು ಅವನು ತನ್ನ ಹೆಸರಿಗೆ ಬಳಸಿಕೊಂಡ. ಮಾಲಕನ ವಸ್ತು ಕೆಲಸಗಾರನ ಕೈಯಲ್ಲಿರುವುದು ಅಮಾನತ್ತಾಗಿ. ಬನಹಟ್ಟಿಯ ನೇಕಾರನೊಬ್ಬ ಮಾಲಕ ಕೊಟ್ಟ ನೂಲಿನಲ್ಲಿ ಇಪ್ಪತ್ತರಲ್ಲೊಂದು ಭಾಗವನ್ನು ತನಗಾಗಿ ತೆಗೆದಿಟ್ಟರೆ ನಾವು ಅದನ್ನು ಕಳವು ಎನ್ನುತ್ತೇವೆ. ಆದರೆ ಆ ನೂಲನ್ನು ಮನೆಗೆ ಒಯ್ಯದೆ, ಅದೇ ಸೀರೆಯ ಅಂಚಿನಲ್ಲಿ, ಮಡಿಕೆಯೊಳಗೆ ಅಡಗುವಂತೆ ತನ್ನ ಹೆಸರನ್ನು ನೇಯ್ದರೆ? ಕೊಂಡವಳಿಗೆ ಸೀರೆ ಕಡಿಮೆಯಾಗಲಿಲ್ಲ. ಮಾರಿದವನಿಗೆ ಲಾಭ ತಗ್ಗಲಿಲ್ಲ. ಆದರೂ ಕೇಳದೆ ಮಾಡಿದ್ದು ಕೇಳದೆ ಮಾಡಿದ್ದೇ. ನನ್ನ ಮಟ್ಟಿಗೆ ರಾಬಿನೆಟ್‌ನ ತಪ್ಪು ಚಿಕ್ಕದು. ಅವನನ್ನು ಆ ಕೆಲಸಕ್ಕೆ ದೂಡಿದ ಪದ್ಧತಿಯ ತಪ್ಪು ದೊಡ್ಡದು. ಚಿಕ್ಕದು ಎಂಬ ಕಾರಣಕ್ಕೆ ಅದು ತಪ್ಪೇ ಅಲ್ಲ ಎನ್ನಲಾರೆ.

ಹೆಸರಿನ ಆಸೆಯೇ ಕೀಳು, ಒಳ್ಳೆಯ ಕೆಲಸವನ್ನು ಮರೆಯಲ್ಲಿ ಮಾಡಬೇಕು ಎನ್ನುವವರಿದ್ದಾರೆ. ಎಲ್ಲ ಧರ್ಮಗಳೂ ಈ ಮಾತನ್ನು ಗೌರವಿಸುತ್ತವೆ. ಬಸವಣ್ಣ ತನ್ನ ವಚನಗಳಿಗೆ ಇಟ್ಟದ್ದು ಕೂಡಲಸಂಗಮನ ಹೆಸರನ್ನು. ಶರೀಫ ಸಾಹೇಬರ ತತ್ವಪದಗಳ ಕೊನೆಗೆ ಬರುವುದು ಶಿಶುನಾಳಾಧೀಶ. ಆದರೆ ಅವರು ಹೆಸರನ್ನು ತಾವಾಗಿ ಬಿಟ್ಟುಕೊಟ್ಟವರು. ಕೈಯಲ್ಲಿದ್ದುದನ್ನು ಮಾತ್ರ ದಾನ ಮಾಡಲು ಸಾಧ್ಯ. ಕಸಿದುಕೊಂಡ ಮೇಲೆ 'ತ್ಯಾಗ ಮಾಡು' ಎಂದು ಉಪದೇಶಿಸುವುದು ಕಸಿದುಕೊಂಡವನಿಗೆ ಬಹಳ ಅನುಕೂಲದ ಮಾತು. ಈ ಉಪದೇಶ ಯಾವಾಗಲೂ ಕೂಲಿಯವನಿಗೇ ಸಿಗುತ್ತದೆ, ಅಂಗಡಿಯ ಬೋರ್ಡಿನ ಮೇಲೆ ತನ್ನ ಹೆಸರು ಬರೆಸಿದವನಿಗೆ ಯಾರೂ ಮಾಡುವುದಿಲ್ಲ.

ನಮ್ಮ ಸೀಮೆಯಲ್ಲಿ ಹೆಸರು ಬರೆದವರೂ ಇದ್ದಾರೆ. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಅವನಿಗೆ ಕೊಟ್ಟ ಬಿರುದೂ ಇದೆ. 8ನೇ ಶತಮಾನದ ಅರಸರು ಮಾಡಿದ್ದನ್ನು 20ನೇ ಶತಮಾನದ ಕಂಪೆನಿ ಮಾಡಲಿಲ್ಲ ಎಂದರೆ ಸೋಜಿಗವಲ್ಲವೇ? ಮುಧೋಳದ ಬಳೆಗಾರ ಮನೆತನದಲ್ಲಿ ಹುಟ್ಟಿದ ರನ್ನನ ಕೈಬರಹವೆಂದು ವಿದ್ವಾಂಸರು ತೋರಿಸುವ 'ಶ್ರೀ ಕವಿರತ್ನ' ಎಂಬ ಅಕ್ಷರಗಳು ಶ್ರವಣಬೆಳಗೊಳದ ಚಿಕ್ಕ ಬೆಟ್ಟದ ಬಂಡೆಯ ಮೇಲಿವೆ. ಅದನ್ನು ನೋಡಿ ಯಾರೂ ಇದು ಅಹಂಕಾರ ಎಂದು ಮುಖ ತಿರುಗಿಸುವುದಿಲ್ಲ. ಬಳೆ ಮಾರುವ ಮನೆಯ ಹುಡುಗ ಇಲ್ಲಿಯವರೆಗೆ ಬಂದನಲ್ಲ ಎಂದು ಸಂತೋಷಪಡುತ್ತೇವೆ.

ಅಟಾರಿಯ ಮುಂದಿನ ಕಥೆಯೂ ಇದೆ. ಇದೇ ಅಸಮಾಧಾನದಿಂದ ಅಲ್ಲಿನ ಕೆಲವು ರಚನೆಕಾರರು 1979ರಲ್ಲಿ ಹೊರಬಂದು ಆಕ್ಟಿವಿಷನ್ ಎಂಬ ಕಂಪೆನಿ ಕಟ್ಟಿ, ತಮ್ಮ ಆಟಗಳ ಮೇಲೆ ರಚನೆಕಾರರ ಹೆಸರನ್ನು ಬಹಿರಂಗವಾಗಿ ಅಚ್ಚು ಮಾಡಿದರು. ಗುಪ್ತ ಕೋಣೆಗಿಂತ ಇದು ಮೇಲು. ಗುಪ್ತ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಜಾಗವಿತ್ತು, ಇಲ್ಲಿ ಜೊತೆಗಾರರಿಗೂ ಸಿಕ್ಕಿತು. ಇಂದು ದೊಡ್ಡ ಆಟಗಳು ಮುಗಿದಾಗ ಸಿನಿಮಾದಂತೆ ನೂರಾರು ಹೆಸರುಗಳು ಪರದೆಯ ಮೇಲೆ ಸಾಗುತ್ತವೆ. ಆಡಿದ ಹುಡುಗರು ಓದುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಇತ್ತ ರಬಕವಿ-ಬನಹಟ್ಟಿಯ ಸೀರೆಗಳು ಜಮಖಂಡಿ, ಬೀಳಗಿಯ ಅಂಗಡಿಗಳನ್ನು ದಾಟಿ ಮಹಾರಾಷ್ಟ್ರದವರೆಗೆ ಹೋಗುತ್ತವೆ, ಅಂಗಡಿಯವರ ಹೆಸರಿನಲ್ಲಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಊರಿನ ಹೆಸರನ್ನು ಕಾಯುತ್ತದೆ, ನೇಯ್ದವರ ಹೆಸರನ್ನಲ್ಲ. ಇಲ್ಲಿ ಒಂದು ನಿಜವಾದ ತೊಡಕೂ ಇದೆ. ಆಟ ಒಬ್ಬನದಾಗಿತ್ತು, ಸೀರೆ ಒಬ್ಬರದಲ್ಲ. ಬಣ್ಣ ಹಾಕಿದವನೊಬ್ಬ, ಹಾಸು ಹೂಡಿದವನೊಬ್ಬ, ನೇಯ್ದವನೊಬ್ಬ. ಈಗಂತೂ ಹೆಚ್ಚಿನವು ವಿದ್ಯುತ್ ಮಗ್ಗಗಳು, ಒಬ್ಬನೇ ಎರಡು ಮೂರು ಮಗ್ಗ ನೋಡಿಕೊಳ್ಳುತ್ತಾನೆ. ಸೀರೆಯ ಮೇಲೆ ನೇಕಾರನ ಹೆಸರಿನ ಚೀಟಿ ಅಂಟಿಸುವ ಕಾಲ ಬಂದರೂ, ಅಡಿಗೆ ಮುಗಿಸಿ ಮಧ್ಯಾಹ್ನವೆಲ್ಲ ಕೂತು ಕಂಡಿಕೆ ಸುತ್ತಿದ ಹೆಂಗಸಿನ ಹೆಸರು ಆ ಚೀಟಿಯಲ್ಲಿ ಇರುವುದು ಅನುಮಾನ. ಅವಳು ಸುತ್ತಿದ ನೂಲು ಮಾತ್ರ ಅಂಚಿನಿಂದ ಸೆರಗಿನವರೆಗೆ ಸೀರೆಯ ಪ್ರತಿ ಎಳೆಯಡ್ಡ ಹಾದುಹೋಗಿರುತ್ತದೆ.